ಕಾಗೆಗಳು ಒಪ್ಪಿಕೊಂಡ ಕೋಗಿಲೆ

ಹೆಮ್ಮೆ ಪಡುವುದಕ್ಕೂ ಕೈಯಲ್ಲಿ ಏನಾದರೊಂದು ವಸ್ತು ಇರಬೇಕು. ಬರಿಗೈಯಲ್ಲಿ ಹೆಮ್ಮೆಪಟ್ಟರೆ ಜನ ಅದನ್ನು ಜಂಬ ಎನ್ನುತ್ತಾರೆ. ಅದೇ ಎದುರಿಗೆ ಒಂದು ಕಸೂತಿಯ ಮೇಜುಬಟ್ಟೆಯನ್ನೋ ಉಪ್ಪಿನಕಾಯಿಯ ಭರಣಿಯನ್ನೋ ಇಟ್ಟುಕೊಂಡು ಪಟ್ಟರೆ ಕೈಗುಣ ಎಂದು ತಲೆದೂಗುತ್ತಾರೆ. ಈ ವಿಷಯದಲ್ಲಿ ನಾನು ಬಹಳ ಕಾಲ ಬಡವಿಯಾಗಿದ್ದೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೈಗುಣ ಇದೆ. ಅಕ್ಕ ಹದಿನೈದು ಚುಕ್ಕಿ ಇಟ್ಟರೆ ಕೈ ಎತ್ತದೆ ರಂಗೋಲಿ ಮುಗಿಸುತ್ತಾಳೆ. ಭಾವ ಹಳೆಯ ಹಣ್ಣಿನ ಪೆಟ್ಟಿಗೆಗಳನ್ನು ಒಡೆದು ಒಂದು ಚಪ್ಪಲಿ ಸ್ಟ್ಯಾಂಡ್ ಮಾಡಿದ್ದಾರೆ; ಅದು ಎಡಕ್ಕೆ ವಾಲುತ್ತದೆ, ಆದರೂ ಮನೆಗೆ ಬಂದವರು ಅದನ್ನು ಯಾರು ಮಾಡಿದ್ದೆಂದು ತಿಳಿದುಕೊಂಡೇ ಒಳಗೆ ಕಾಲಿಡಬೇಕು. ನಾನು ಶಾಲೆಯ ಹೊಲಿಗೆ ಕ್ಲಾಸಿನಲ್ಲಿ ಒಂದು ಕರವಸ್ತ್ರ ಹೊಲಿದಿದ್ದೆ. ಟೀಚರು ಅದನ್ನು ಆಚೆ ಈಚೆ ತಿರುಗಿಸಿ ನೋಡಿ, “ಪೂರ್ಣಿಮಾ, ಇದರಲ್ಲಿ ಐದನೆಯ ಮೂಲೆ ಎಲ್ಲಿಂದ ಬಂತು?” ಎಂದು ಕೇಳಿದ್ದರು. ಆಮೇಲೆ ನಾನು ಸೂಜಿ ಮುಟ್ಟಿರಲಿಲ್ಲ.

ಓದು ಮುಗಿಸಿ ಮೈಸೂರಿನಿಂದ ದುಬೈಗೆ ಬಂದು ಕರಾಮದಲ್ಲಿ ಅಕ್ಕ-ಭಾವನ ಮನೆ ಸೇರಿದ ಮೇಲೆ ಸಿಕ್ಕಿದ ಉದ್ಯೋಗವೂ ಈ ಕೊರತೆಯನ್ನು ತುಂಬುವಂಥದ್ದಲ್ಲ. ಮುರಕ್ಕಬಾತಿನ ಒಂದು ಕಟ್ಟಡ ಕಂಪನಿಯಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್. ಹೆಸರು ಕೇಳಿದರೆ ನನ್ನ ಮಾತಿಗೆ ಕಾಗದಪತ್ರಗಳೆಲ್ಲ ಎದ್ದು ನಿಲ್ಲುತ್ತವೆ ಎನ್ನಿಸಬಹುದು. ಕೆಲಸ ಇಷ್ಟೇ: ಎಂಜಿನಿಯರುಗಳು ಬರೆದ ನಕ್ಷೆಗೆ ನಂಬರು ಕೊಡುವುದು, ದಿನಾಂಕ ಹಾಕುವುದು, ಒಪ್ಪಿಗೆಗೆ ಕಳಿಸುವುದು, ಅದು ಒಪ್ಪಿಗೆಯಾಗದೆ ವಾಪಸು ಬಂದರೆ ತಿದ್ದಿಸಿ, ರೆವಿಷನ್ ಒಂದು, ರೆವಿಷನ್ ಎರಡು ಎಂದು ಗುರುತು ಹಾಕಿ ಮತ್ತೆ ಕಳಿಸುವುದು. ಮೂರು ವರ್ಷದಲ್ಲಿ ನನ್ನ ಕೈ ಹಾಯ್ದು ಹೋದ ನಕ್ಷೆಗಳು ಹನ್ನೊಂದು ಸಾವಿರ ಚಿಲ್ಲರೆ. ಅವುಗಳ ಪೈಕಿ ನಾನು ಎಳೆದ ಗೆರೆಗಳು ಸೊನ್ನೆ. ಈ ಲೆಕ್ಕ ಹೇಗೆ ಗೊತ್ತು ಎಂದರೆ, ನಾನು ದಿನಚರಿ ಬರೆಯುತ್ತೇನೆ. ಭಾವನೆಗಳನ್ನು ಬರೆಯುವ ದಿನಚರಿಯಲ್ಲ. ಎಷ್ಟು ಗಂಟೆಗೆ ಎದ್ದೆ, ಮೆಟ್ರೋದಲ್ಲಿ ಸೀಟು ಸಿಕ್ಕಿತೇ, ಅಕ್ಕ ಈ ವಾರ ಉಪ್ಪಿಟ್ಟು ಎಷ್ಟು ಸಲ ಮಾಡಿದಳು, ಇಂಥವು. ಮನೆಯಿಂದ ಮೆಟ್ರೋ ನಿಲ್ದಾಣಕ್ಕೆ ಎಂಟುನೂರ ನಲವತ್ತು ಹೆಜ್ಜೆ. ಬೇಸಿಗೆಯಲ್ಲಿ ನೆರಳು ಹುಡುಕಿಕೊಂಡು ನಡೆದರೆ ಒಂಬೈನೂರ ಹತ್ತು. ಇದರಿಂದ ಯಾರಿಗೂ ಉಪಯೋಗವಿಲ್ಲ ಎಂದು ಭಾವ ಹೇಳುತ್ತಾರೆ. ಅವರು ಹಾಗೆ ಹೇಳಿದ್ದು ಇದುವರೆಗೆ ಮೂವತ್ತೊಂದು ಸಲ.

ಕಳೆದ ಮಾರ್ಚಿನಲ್ಲಿ ನಮ್ಮ ಬೀದಿಯ ಬೇವಿನ ಮರಕ್ಕೆ ಒಂದು ಕೋಗಿಲೆ ಬಂತು. ಮರುಭೂಮಿಯಲ್ಲಿ ಅದಕ್ಕೇನು ಕೆಲಸವೋ ಗೊತ್ತಿಲ್ಲ. ನಮಗೇನು ಕೆಲಸ ಎಂದು ಅದೂ ಕೇಳಬಹುದಿತ್ತು. ಇಪ್ಪತ್ತಮೂರು ಬೆಳಗು ಅದರ ಕೂಗು ಕೇಳಿದ್ದನ್ನೂ, ಆರು ಸಲ ಕಾಗೆಗಳು ಅದನ್ನು ಆ ಮರದಿಂದ ಈ ಮರಕ್ಕೆ ಅಟ್ಟಿಸಿಕೊಂಡು ಹೋದದ್ದನ್ನೂ ಬರೆದಿಟ್ಟಿದ್ದೇನೆ. ಕಾಗೆಗಳಿಗೆ ಕೋಗಿಲೆಯ ಮೇಲೆ ಇರುವ ಸಿಟ್ಟು ನ್ಯಾಯವಾದದ್ದೇ. ತನ್ನ ಮಕ್ಕಳನ್ನು ಸಾಕಲು ನಮ್ಮ ಮನೆಯಲ್ಲಿ ಕದ್ದು ಬಿಟ್ಟುಹೋಗುವವಳನ್ನು ನಾವಾದರೂ ಕರೆದು ಕಾಫಿ ಕೊಡುತ್ತೇವೆಯೇ. ಏಪ್ರಿಲ್ ಎರಡನೆಯ ವಾರ ಕೂಗು ನಿಂತಿತು. ಆ ಬುಧವಾರ ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ, ಮನೆಯಿಂದ ಇನ್ನೂರ ಹತ್ತನೆಯ ಹೆಜ್ಜೆಯಲ್ಲಿ, ಖಾಲಿ ಅಂಗಡಿಯೊಂದರ ದೊಡ್ಡ ಗಾಜಿನ ಕೆಳಗೆ ಅದು ಬಿದ್ದಿತ್ತು. ಗಾಜಿನಲ್ಲಿ ಬೇವಿನ ಮರ ಕಾಣುತ್ತಿತ್ತು. ಅದನ್ನು ನಿಜವೆಂದು ನಂಬಿ ಹಾರಿರಬೇಕು. ಮೈಮೇಲೆ ಒಂದು ಗಾಯವಿಲ್ಲ. ಕಪ್ಪು ಎಂದರೆ ಬರೀ ಕಪ್ಪಲ್ಲ, ಬಿಸಿಲಿಗೆ ಹಿಡಿದರೆ ನವಿಲುಗರಿಯ ಅಂಚಿನ ಹಸಿರು. ಕಣ್ಣು ಅರ್ಧ ತೆರೆದು, ಒಳಗೆ ಕುಂಕುಮದ ಕೆಂಪು. ಕಸ ಗುಡಿಸುವ ಗಾಡಿ ಬೀದಿಯ ಆ ತುದಿಯಲ್ಲಿ ಬರುತ್ತಿತ್ತು. ಹನ್ನೊಂದು ಸಾವಿರ ನಕ್ಷೆಗಳನ್ನು ಜೋಪಾನ ಮಾಡಿದ ನನಗೆ ಇದೊಂದನ್ನು ಬಿಟ್ಟುಹೋಗಲು ಆಗಲಿಲ್ಲ. ಊಟದ ಚೀಲದಿಂದ ಡಬ್ಬಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡೆ, ಚೀಲದೊಳಗೆ ಕೋಗಿಲೆಯನ್ನು ಮಲಗಿಸಿದೆ, ವಾಪಸು ಇನ್ನೂರ ಹತ್ತು ಹೆಜ್ಜೆ ನಡೆದೆ.

ನಮ್ಮದು ಸಸ್ಯಾಹಾರಿ ಮನೆ. ಅಕ್ಕನ ಫ್ರೀಜರಿನಲ್ಲಿ ತೆಂಗಿನ ತುರಿ, ಬಟಾಣಿ, ಊರಿನಿಂದ ಬಂದ ಕರಿಬೇವು ಬಿಟ್ಟರೆ ಐಸಿಗೂ ಪ್ರವೇಶ ಕಷ್ಟ. ಹಾಗಾಗಿ ಎದುರು ಮನೆಯ ಮೈಮೂನಕ್ಕನ ಬಾಗಿಲು ತಟ್ಟಿದೆ. ಮೈಮೂನಕ್ಕ ಉಪ್ಪಿನಂಗಡಿ ಕಡೆಯ ಬ್ಯಾರಿ ಹೆಂಗಸು, ಐವತ್ತು ದಾಟಿದವರು. ಅವರ ಯಜಮಾನರಿಗೆ ದೇರಾದಲ್ಲಿ ಅಂಗಡಿ. ಇಪ್ಪತ್ತಾರು ವರ್ಷದಿಂದ ಅದೇ ಮನೆಯಲ್ಲಿದ್ದಾರೆ; ಇಡೀ ಕಟ್ಟಡಕ್ಕೆ ಮಾಲೀಕ ಯಾರೇ ಇರಲಿ, ಯಜಮಾನಿ ಅವರೇ.

“ಎಂತದು ಅದು?” ಎಂದು ಚೀಲದೊಳಗೆ ಇಣುಕಿದರು.

“ಕೋಗಿಲೆ, ಮೈಮೂನಕ್ಕ. ಸತ್ತುಹೋಗಿದೆ.”

“ಸತ್ತದ್ದು ಕಾಣ್ತದೆ. ನನ್ನ ಹತ್ರ ಎಂತಕ್ಕೆ ತಂದದ್ದು? ನಾನು ಡಾಕ್ಟರಾ?”

“ನಿಮ್ಮ ಫ್ರೀಜರಿನಲ್ಲಿ ಒಂದು ವಾರ ಜಾಗ ಬೇಕಿತ್ತು. ಇದನ್ನ ಕೆಡದ ಹಾಗೆ ಮಾಡಿ, ಒಳಗೆ ಹತ್ತಿ ತುಂಬಿಸಿ, ನಿಲ್ಲಿಸಿ ಇಡ್ತೀನಿ. ಅಕ್ಕನಿಗೆ ಗೊತ್ತಾದ್ರೆ ನನ್ನನ್ನೇ ಫ್ರೀಜರಿಗೆ ಹಾಕ್ತಾಳೆ.”

ಅವರು ಸ್ವಲ್ಪ ಹೊತ್ತು ನನ್ನನ್ನೂ ಹಕ್ಕಿಯನ್ನೂ ನೋಡಿದರು. ಆಮೇಲೆ ಬಂಗುಡೆಯ ಪೊಟ್ಟಣಗಳನ್ನು ಒಂದು ಪಕ್ಕಕ್ಕೆ ಸರಿಸಿದರು. ನಾನು ಹಕ್ಕಿಯನ್ನು ಮೂರು ಸುತ್ತು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ದಿನಾಂಕ, ಸಮಯ, ಸಿಕ್ಕಿದ ಸ್ಥಳ ಬರೆದು, ಕೆಳಗೆ ದಪ್ಪ ಅಕ್ಷರದಲ್ಲಿ ‘ಅಡುಗೆಗಲ್ಲ’ ಎಂದು ಚೀಟಿ ಅಂಟಿಸಿದೆ. ಮೈಮೂನಕ್ಕನಿಗೆ ಅವಮಾನವಾಯಿತು. “ತಾನಾಗಿ ಸತ್ತು ಬಿದ್ದದ್ದನ್ನು ನಾವು ತಿನ್ನುವ ಕ್ರಮವೇ ಇಲ್ಲ ಮಾರಾಯ್ತಿ. ನಿನ್ನ ಚೀಟಿ ನಿನ್ನ ಆಫೀಸಲ್ಲಿ ಇಟ್ಕೊ,” ಎಂದರು. ಆ ದಿನ ಆಫೀಸಿಗೆ ಮೂವತ್ತೈದು ನಿಮಿಷ ತಡವಾಯಿತು. ಕಾರಣದ ಜಾಗದಲ್ಲಿ ‘ಮನೆಯಲ್ಲಿ ಸಾವು’ ಎಂದು ಬರೆದೆ. ಮ್ಯಾನೇಜರು ಸಂತಾಪ ಸೂಚಿಸಿ, ಒಂದು ದಿನ ರಜೆ ಬೇಕೇ ಎಂದು ಕೇಳಿದರು. ಸುಳ್ಳನ್ನು ಅಲ್ಲಿಗೇ ನಿಲ್ಲಿಸೋಣವೆಂದು ಬೇಡ ಎಂದೆ.

ಮುಂದಿನ ಹತ್ತು ದಿನ ಓದಿಗೆ ಮೀಸಲು. ಹತ್ತೊಂಬತ್ತು ವಿಡಿಯೊ ನೋಡಿದೆ. ಅದರಲ್ಲಿ ನಾಲ್ಕು ನನಗೆ ತಿಳಿಯದ ಭಾಷೆಯವು, ಆದರೆ ಕತ್ತರಿಗೆ ಭಾಷೆ ಇಲ್ಲ. ಸಾಮಾನು ಹದಿನಾಲ್ಕು ಬಗೆ: ಕೈಗವಸು, ಮುಖಗವಸು, ಉಗುರು ಕತ್ತರಿಸುವ ಸಣ್ಣ ಕತ್ತರಿ, ತಂತಿ, ಹತ್ತಿ, ಸೂಜಿ-ದಾರ, ಇತ್ಯಾದಿ. ಚರ್ಮ ಕೊಳೆಯದಂತೆ ಬಳಿಯಲು ಬಿಳಿಗಾರ ಬೇಕಿತ್ತು. ನಮ್ಮಜ್ಜಿ ಮಕ್ಕಳ ಬಾಯಿಹುಣ್ಣಿಗೆ ಜೇನಿನಲ್ಲಿ ಕಲಸಿ ಹಚ್ಚುತ್ತಿದ್ದ ಅದೇ ಬಿಳಿಗಾರ ಕರಾಮದ ಒಂದು ಗ್ರಂಧಿಗೆ ಅಂಗಡಿಯ ಮೂಲೆಯಲ್ಲಿ ಸಿಕ್ಕಿತು. ಕಣ್ಣಿಗೆ ಕೆಂಪು ಮಣಿ ಬೇಕೆಂದು ಹೊಲಿಗೆ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯವನು ಎಷ್ಟು ಎಂದ. ಎರಡು ಎಂದೆ. ಎರಡು ಡಜನ್ನೇ, ಎರಡು ಪ್ಯಾಕೆಟ್ಟೇ ಎಂದ. ಎರಡು ಮಣಿ ಎಂದೆ. ಯಾವ ಬಟ್ಟೆಗೆ ಎರಡೇ ಮಣಿ ಸಾಕಾಗುತ್ತದೆ ಎಂದು ಅವನು ಹಿಂದಿಯಲ್ಲಿ ಕೇಳಿದಾಗ ನಾನು ಸತ್ಯ ಹೇಳಿದೆ. ಅವನು ಎರಡು ಮಣಿಯನ್ನು ಕಾಗದದಲ್ಲಿ ಕಟ್ಟಿ ಕೊಟ್ಟು, ಬೇಗ ಹೋಗಿ ಎನ್ನುವಂತೆ ಬಾಗಿಲ ಕಡೆ ನೋಡಿದ.

ಶನಿವಾರ ಅಕ್ಕ-ಭಾವ ದೇವಸ್ಥಾನಕ್ಕೆ ಹೋದ ಹೊತ್ತಿನಲ್ಲಿ ಮೈಮೂನಕ್ಕನ ಹಿಂದಿನ ಬಾಲ್ಕನಿಯಲ್ಲಿ ಕೆಲಸ ಶುರುವಾಯಿತು. ಅವರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಎದುರಿಗೆ ಕೂತರು. ಮೊದಲ ಕತ್ತರಿ ಇಡಲು ನನಗೆ ನಲವತ್ತು ನಿಮಿಷ ಹಿಡಿಯಿತು. “ಎಂತ, ಅದಾಗಿ ಏಳ್ತದೆ ಅಂತ ಕಾಯ್ತಿದ್ದೀಯಾ?” ಎಂದರು ಮೈಮೂನಕ್ಕ. ಆಮೇಲಿನದು ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಒದ್ದೆಯಾದ ಕಾಲುಚೀಲವನ್ನು ಒಳಮುಖ ಹೊರಗೆ ಮಾಡಿ ನಿಧಾನವಾಗಿ ಕಳಚಿದ ಹಾಗೆ. ಅವಸರ ಮಾಡಿದರೆ ಹರಿಯುತ್ತದೆ, ಭಯಪಟ್ಟರೆ ಬರುವುದೇ ಇಲ್ಲ. ನಾನು ಬಿಳಿಗಾರವನ್ನು ಚಮಚದಲ್ಲಿ ಅಳೆದು, ಎಷ್ಟು ಚಮಚವೆಂದು ಬರೆದುಕೊಂಡು ಹಾಕುತ್ತಿದ್ದೆ. ಮೈಮೂನಕ್ಕನಿಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಒಣಮೀನಿಗೆ ಹಾಕುವ ಕಲ್ಲುಪ್ಪನ್ನು ಪುಡಿಮಾಡಿ ಬಟ್ಟಲು ತುಂಬ ತಂದರು. “ಮಳೆಗಾಲಕ್ಕೆ ಮೀನು ಉಪ್ಪು ಹಾಕಿ ಇಟ್ಟವಳು ನಾನು. ಉಪ್ಪು ಹಾಕುವಾಗ ಲೆಕ್ಕ ಮಾಡ್ಲಿಕ್ಕೆ ಇಲ್ಲ. ಮುಚ್ಚುವಷ್ಟು ಹಾಕು, ಖಲಾಸ್,” ಎಂದರು. ಇದು ಯಾವ ವಿಡಿಯೊದಲ್ಲೂ ಇರಲಿಲ್ಲ. ಅವರ ಫ್ರೀಜರಿನ ಋಣ ನನ್ನ ಮೇಲಿತ್ತಾದ್ದರಿಂದ ಬಿಳಿಗಾರದ ಮೇಲೆ ಉಪ್ಪನ್ನೂ ಬಳಿದೆ. ದಿನಚರಿಯಲ್ಲಿ ಆ ಒಂದು ಸಾಲಿನಲ್ಲಿ ಮಾತ್ರ ಅಳತೆಯ ಜಾಗ ಖಾಲಿ ಇದೆ.

ಹತ್ತಿ ತುಂಬಿ ಹೊಲಿದು ನಿಲ್ಲಿಸಿದ ಮೊದಲ ರೂಪಕ್ಕೆ ನಾನು ರೆವಿಷನ್ ಸೊನ್ನೆ ಎಂದು ಹೆಸರಿಟ್ಟೆ. ನೋಡಿದರೆ ತುಂಬು ಗರ್ಭಿಣಿ. ಅದು ಗಂಡು ಹಕ್ಕಿಯಾದ್ದರಿಂದ ಹಾಗೆ ಬಿಡುವಂತಿರಲಿಲ್ಲ. ಹೊಲಿಗೆ ಬಿಚ್ಚಿ ಅರ್ಧ ಹತ್ತಿ ತೆಗೆದೆ. ರೆವಿಷನ್ ಒಂದರಲ್ಲಿ ಕತ್ತು ಸೋತು, ಏನೋ ಕಳೆದುಕೊಂಡು ನೆಲದಲ್ಲಿ ಹುಡುಕುವವರಂತೆ ಕಂಡಿತು. ರೆವಿಷನ್ ಎರಡರಲ್ಲಿ ಕತ್ತಿಗೆ ದಪ್ಪ ತಂತಿ ಹಾಕಿ, ಮಣಿ ಕೂರಿಸಿ, ಬೇವಿನ ಒಣಕೊಂಬೆಯ ಮೇಲೆ ಕಾಲು ಬಿಗಿದೆ. ಗರಿಗಳು ಸರಿಯಾಗಿ ಕೂರಲೆಂದು ಮೈತುಂಬ ಗುಂಡುಸೂಜಿ ಚುಚ್ಚಿ ಹದಿನಾರು ದಿನ ಒಣಗಿಸಿದೆ. ಕೊನೆಯ ಸೂಜಿ ತೆಗೆದಾಗ ಅದು ಕೊಂಬೆಯ ಮೇಲೆ ಸ್ವಲ್ಪ ಮುಂದಕ್ಕೆ ಬಾಗಿ, ಈಗ ಕೂಗಲೋ ಆಮೇಲೆ ಕೂಗಲೋ ಎಂದು ಯೋಚಿಸುತ್ತಾ ಕೂತಿತ್ತು. ನನ್ನ ಇಪ್ಪತ್ತಾರು ವರ್ಷದ ಬಾಳಿನಲ್ಲಿ ನನ್ನ ಕೈಯಿಂದ ಹುಟ್ಟಿದ ಮೊದಲ ವಸ್ತು. ನಾಲ್ಕೂ ಕಡೆಯಿಂದ ನೋಡಿದೆ. ಐದನೆಯ ಮೂಲೆ ಎಲ್ಲೂ ಇರಲಿಲ್ಲ.

ಅದನ್ನು ಮನೆಗೆ ತಂದು ಊಟದ ಮೇಜಿನ ಮೇಲಿಟ್ಟ ದಿನ ಅಕ್ಕ ಆಡಿದ ಮಾತುಗಳನ್ನು ಪೂರ್ತಿ ಬರೆದುಕೊಳ್ಳಲಾಗಲಿಲ್ಲ. ಅವಳ ವೇಗ ನನ್ನ ಪೆನ್ನಿಗಿಲ್ಲ. “ಹೆಣ ಕಣೇ ಅದು. ಅನ್ನ ತಿನ್ನೋ ಜಾಗದಲ್ಲಿ ತಂದು ಕೂರಿಸಿದ್ದೀಯಲ್ಲ, ನಿನಗೇನು ಬಂದಿದೆ ರೋಗ?” ಎನ್ನುವಲ್ಲಿಗೆ ನಿಲ್ಲಿಸಿದೆ. ಭಾವ ಕನ್ನಡಕ ಏರಿಸಿ ಹತ್ತಿರ ಬಂದು, “ಚೆನ್ನಾಗಿದೆ ಕಣಮ್ಮ. ಬದನೆಕಾಯಿಗೆ ಕೊಕ್ಕು ಬಂದ ಹಾಗಿದೆ,” ಎಂದರು. ಕೊನೆಗೆ ಒಂದು ಒಪ್ಪಂದವಾಯಿತು. ಹಕ್ಕಿ ನನ್ನ ಕೋಣೆಯ ಕಿಟಕಿಯಲ್ಲಿರಬಹುದು, ಆದರೆ ಮೇ ತಿಂಗಳ ಕೊನೆಗೆ ಬರುವ ಭಾವನ ತಂದೆಯ ತಿಥಿಯ ಹೊತ್ತಿಗೆ ಮನೆಯಿಂದ ಹೊರಗೆ ಹೋಗಿರಬೇಕು, ಆಮೇಲೆ ಮತ್ತೆ ಬರಬಾರದು. ಅಂದರೆ ನನ್ನ ಏಕೈಕ ಸಾಧನೆಗೆ ಆಯುಸ್ಸು ಹನ್ನೆರಡು ದಿನ. ಆ ದಿನಗಳಲ್ಲಿ ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸಿ ಇದೇನು ಎಂದು ಕೇಳಿದೆ. ಒಟ್ಟು ಹನ್ನೊಂದು ಜನ. ಕಾಗೆ ಎಂದವರು ಆರು, ಕೋಳಿ ಎಂದವರು ಇಬ್ಬರು, ಪ್ಲಾಸ್ಟಿಕ್ಕೇ ಎಂದವರು ಇಬ್ಬರು, ಉತ್ತರ ಹೇಳದೆ ಊಟಕ್ಕೆ ನಿಲ್ಲದೆ ಹೋದವರು ಒಬ್ಬರು. ಕೋಗಿಲೆ ಎಂದವರು ಯಾರೂ ಇಲ್ಲ.

ಇನ್ನು ತಿಥಿಯ ವಿಷಯ. ಭಾವನ ತಂದೆ ತೀರಿಕೊಂಡಾಗ ಭಾವ ಇಲ್ಲಿಂದ ವಿಮಾನ ಹಿಡಿದು ನಂಜನಗೂಡು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಹಾಗಾಗಿ ವರ್ಷಕ್ಕೊಂದು ಸಲ ಎಡೆ ಇಟ್ಟು, ಕಾಗೆ ಬಂದು ಮುಟ್ಟುವವರೆಗೆ ಬಾಯಿಗೆ ನೀರು ಹಾಕದೆ ಕಾಯುವುದೊಂದೇ ಅವರ ಪಾಲಿಗೆ ಉಳಿದದ್ದು. ಇದರಲ್ಲಿ ಅವರು ತಮಾಷೆ ಸೇರಿಸುವುದಿಲ್ಲ. ಹೋದ ವರ್ಷ ಹನ್ನೆರಡು ಗಂಟೆಗೆ ಬಾಲ್ಕನಿಯಲ್ಲಿ ಎಲೆ ಇಟ್ಟರು. ಎರಡು ಗಂಟೆ ನಲವತ್ತು ನಿಮಿಷದವರೆಗೆ ಕಾ ಕಾ ಎಂದು ಕೂಗಿದರು. ಬಂದದ್ದು ಹದಿನೇಳು ಪಾರಿವಾಳ. ಅವುಗಳನ್ನು ಓಡಿಸಿ, ಎಲೆಯನ್ನು ತೊಡೆಯ ಮೇಲಿಟ್ಟುಕೊಂಡು ಟ್ಯಾಕ್ಸಿಯಲ್ಲಿ, ಸಮುದ್ರ ಊರೊಳಗೆ ಚಾಚಿದ ಖಾಡಿಯ ಪಕ್ಕದ ಪಾರ್ಕಿಗೆ ಹೋದರು. ಅಲ್ಲಿ ಕಾಗೆಗಳಿದ್ದವು, ಆದರೆ ಅವುಗಳಿಗೆ ಯಾರದೋ ಆಲೂಗೆಡ್ಡೆ ಚಿಪ್ಸು ಸಿಕ್ಕಿತ್ತು. ಕಡೆಗೆ ಎಡೆಯ ಪಾಯಸವನ್ನು ನೆಕ್ಕಿದ್ದು ಒಂದು ಬೆಕ್ಕು. ಭಾವ ಮನೆಗೆ ಬಂದು ಊಟ ಮಾಡದೆ ಮಲಗಿದರು. “ಅಪ್ಪನಿಗೆ ನನ್ನ ಮೇಲೆ ಕೋಪ ಹೋಗಿಲ್ಲ,” ಎಂದು ಅಕ್ಕನ ಹತ್ತಿರ ಹೇಳಿದ್ದು ಗೋಡೆಯಾಚೆ ನನಗೂ ಕೇಳಿಸಿತು. ಆಮೇಲೆ ವರ್ಷವಿಡೀ ಮನೆಯಲ್ಲಿ ಏಸಿ ಕೆಟ್ಟರೂ, ಅವರಿಗೆ ಬಡ್ತಿ ತಪ್ಪಿದರೂ ಅವರ ಮುಖದಲ್ಲಿ ಆ ಬೆಕ್ಕೇ ಕಾಣುತ್ತಿತ್ತು.

ಈ ವರ್ಷ ತಿಥಿಯ ದಿನ ಮಾತಿನಂತೆ ಹಕ್ಕಿಯನ್ನು ಹೊರಗೆ ಸಾಗಿಸಬೇಕಿತ್ತು. ಮೈಮೂನಕ್ಕ ಹಿಂದಿನ ದಿನವೇ ಶಾರ್ಜಾದ ಮಗಳ ಮನೆಗೆ ಹೋಗಿ ಬಾಗಿಲಿಗೆ ಬೀಗ ಬಿದ್ದಿತ್ತು. ಬೇರೆ ದಾರಿ ಕಾಣದೆ, ಬಾಲ್ಕನಿಯ ಮೂಲೆಯಲ್ಲಿ ಏಸಿಯ ಪೆಟ್ಟಿಗೆಯ ಮೇಲೆ ಅದನ್ನಿಟ್ಟು ಹಳೆಯ ದುಪಟ್ಟಾ ಮುಚ್ಚಿದೆ. ಅದು ಮನೆಯ ಹೊರಗೆ ಹೌದೋ ಅಲ್ಲವೋ ಎಂದು ಅಕ್ಕ ಒಂದು ಗಳಿಗೆ ಯೋಚಿಸಿ, ವಡೆ ಸೀಯುವ ವಾಸನೆಗೆ ಒಳಗೆ ಓಡಿದಳು. ಹನ್ನೆರಡೂ ಕಾಲಿಗೆ ಭಾವ ಪಂಚೆಯುಟ್ಟು, ಎಲೆಯಲ್ಲಿ ಅನ್ನ, ವಡೆ, ಪಾಯಸ, ಎಳ್ಳುಂಡೆ ಬಡಿಸಿಕೊಂಡು ಬಂದು ಬಾಲ್ಕನಿಯ ಕಟ್ಟೆಯ ಮೇಲಿಟ್ಟರು. ಪಾರಿವಾಳಗಳಿಗೆ ಕಾಳು ಹಾಕಬಾರದೆಂದು ಲಿಫ್ಟಿನಲ್ಲಿ ಅಂಟಿಸಿದ ಚೀಟಿಯನ್ನು ನಾನು ನೆನಪಿಸಿದೆ. “ಅದರಲ್ಲಿ ಕಾಗೆ ಅಂತ ಬರೆದಿಲ್ಲ, ವಡೆ ಅಂತಲೂ ಬರೆದಿಲ್ಲ,” ಎಂದು ಭಾವ ಕಾ ಕಾ ಎಂದು ಶುರುಮಾಡಿದರು. ಮಧ್ಯಾಹ್ನದ ಬಿಸಿಲು ಕಟ್ಟೆಯ ಮೇಲೆ ವಡೆಯನ್ನು ಇನ್ನೊಮ್ಮೆ ಕರಿಯುವಷ್ಟಿತ್ತು. ಬೀದಿಯಲ್ಲಿ ಒಂದು ರೆಕ್ಕೆಯೂ ಆಡಲಿಲ್ಲ. ಒಂದು ಗಂಟೆಗೆ ಭಾವನ ಕೂಗು ಗಂಟಲಿಗೆ ಇಳಿಯಿತು. ಒಂದೂ ಕಾಲಿಗೆ ಅವರು ಕೂಗುವುದನ್ನು ಬಿಟ್ಟು ಸುಮ್ಮನೆ ನಿಂತರು. ಬೆವರೊರೆಸುವ ನೆಪದಲ್ಲಿ ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊತ್ತಿಕೊಂಡದ್ದನ್ನು ನಾನು ನೋಡಿದೆ.

ನನಗೆ ಗೊತ್ತಿದ್ದ ಒಂದು ವಿಷಯ ಅವರಿಗೆ ಗೊತ್ತಿರಲಿಲ್ಲ. ಕಾಗೆಗಳು ನೆರಳಿನಲ್ಲಿ ಎಲ್ಲೋ ಇದ್ದವು. ಅವುಗಳಿಗೆ ಅನ್ನಕ್ಕಿಂತ ದೊಡ್ಡ ಕಾರಣ ಬೇಕಿತ್ತು. ಆ ಕಾರಣ ದುಪಟ್ಟಾದ ಕೆಳಗಿತ್ತು. ಆದರೆ ಆರು ಸಲ ಬರೆದುಕೊಂಡದ್ದರಿಂದ, ಅವು ಕೋಗಿಲೆಯನ್ನು ಕಂಡರೆ ಏನು ಮಾಡುತ್ತವೆ ಎಂಬುದೂ ಗೊತ್ತಿತ್ತು. ಆರು ಸಲವೂ ಅದು ಹಾರಿ ತಪ್ಪಿಸಿಕೊಂಡಿತ್ತು. ಈಗ ಅದರ ಕಾಲನ್ನು ತಂತಿಯಿಂದ ಕೊಂಬೆಗೆ ಬಿಗಿದವಳು ನಾನೇ. ಭಾವನ ಬೆನ್ನು ನೋಡಿದೆ, ದುಪಟ್ಟಾ ನೋಡಿದೆ. ಇನ್ನೊಂದು ಹಕ್ಕಿ ಮಾಡಬಹುದು ಎಂದು ಸಮಾಧಾನ ಹೇಳಿಕೊಳ್ಳಲು ನೋಡಿದೆ. ಇನ್ನೊಂದು ಹಕ್ಕಿ ಎಲ್ಲಿದೆ ಎಂದು ನಾನೇ ಕೇಳಿಕೊಂಡೆ. ಒಂದು ಗಂಟೆ ಇಪ್ಪತ್ತೊಂದು ನಿಮಿಷಕ್ಕೆ ದುಪಟ್ಟಾ ಎಳೆದೆ.

ಏಳು ನಿಮಿಷ ಏನೂ ಆಗಲಿಲ್ಲ. ಎಂಟನೆಯ ನಿಮಿಷಕ್ಕೆ ಎದುರು ಕಟ್ಟಡದ ನೀರಿನ ಟ್ಯಾಂಕಿನ ಮೇಲೆ ಒಂದು ಕಾಗೆ ಬಂದು ಕೂತು, ಕತ್ತು ಓರೆಮಾಡಿ ನೋಡಿ, ಊರಿಗೆಲ್ಲ ಕೇಳುವಂತೆ ಸುದ್ದಿ ಹಾಕಿತು. ಎರಡಾದವು, ಐದಾದವು, ಲೆಕ್ಕ ಒಂಬತ್ತಕ್ಕೆ ನಿಂತಿತು. ಭಾವ ಕೈಮುಗಿದು ಹಿಂದಕ್ಕೆ ಸರಿದರು. ಮೊದಲನೆಯದು ಎರಗಿದ್ದು ಎಡೆಗಲ್ಲ, ನೇರ ಕೋಗಿಲೆಯ ತಲೆಗೆ. ಎರಡನೆಯದು ಬಾಲ ಹಿಡಿದೆಳೆಯಿತು. ಕಪ್ಪು ಗರಿ ಹಾರಿತು, ಕಣ್ಣಿನ ಕೆಂಪು ಮಣಿ ಟಣ್ ಎಂದು ನೆಲಕ್ಕೆ ಬಿದ್ದು ಉರುಳಿತು, ಎದೆ ಬಿಚ್ಚಿ ಹತ್ತಿ ಹೊರಗೆ ಬಂತು. ಏಳು ವಾರದ ಕೆಲಸ ನನ್ನ ಕಣ್ಣೆದುರಿಗೆ ಚಿಂದಿಯಾಗುತ್ತಿದ್ದರೆ ನನ್ನೊಳಗೆ ಒಂದು ಧ್ವನಿ, ನೋಡು, ನೋಡು, ಇವಕ್ಕೆ ಗೊತ್ತಾಯಿತು, ಹನ್ನೊಂದು ಜನರಿಗೆ ತಿಳಿಯದ್ದು ಇವಕ್ಕೆ ಒಂದೇ ನೋಟಕ್ಕೆ ತಿಳಿಯಿತು ಎಂದು ಕುಣಿಯುತ್ತಿತ್ತು. ಹುಟ್ಟಾ ವೈರಿ ಕೊಟ್ಟ ಪ್ರಮಾಣಪತ್ರಕ್ಕಿಂತ ಹೆಚ್ಚಿನದು ಯಾವ ಕೈಕೆಲಸಕ್ಕೂ ಇರಲಾರದು. ಅಷ್ಟರಲ್ಲಿ ಬಾಯಲ್ಲಿ ಹತ್ತಿ ಸಿಕ್ಕಿಸಿಕೊಂಡ ದೊಡ್ಡ ಕಾಗೆಯೊಂದು ಉಸಿರಾಡಲು ಕಟ್ಟೆಯ ಮೇಲೆ ಕೂತಿತು. ಹತ್ತಿ ಉಗುಳಿತು. ಎಡಕ್ಕೆ ನೋಡಿತು. ಎಲೆ ಕಂಡಿತು. ಒಂದು ಹೆಜ್ಜೆ ಇಟ್ಟು ವಡೆ ಎತ್ತಿಕೊಂಡಿತು.

ಭಾವ ಅಲ್ಲೇ ನೆಲಕ್ಕೆ ಅಡ್ಡಬಿದ್ದರು. ಏಳುವಾಗ ಅವರ ಮುಖ ಹೋದ ವರ್ಷದ್ದಾಗಿರಲಿಲ್ಲ. ಅಕ್ಕ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನನಗೆ ಮನಸ್ಸು ತಡೆಯಲಿಲ್ಲ. “ಭಾವ, ನಿಜ ಹೇಳ್ತೀನಿ. ಅವು ಊಟಕ್ಕೆ ಬಂದದ್ದಲ್ಲ. ನನ್ನ ಹಕ್ಕಿ ಜೊತೆ ಜಗಳಕ್ಕೆ ಬಂದದ್ದು,” ಎಂದೆ.

ಭಾವ ಕಾಗೆ ಮುಟ್ಟಿದ ಎಲೆಯನ್ನೊಮ್ಮೆ, ಚಿಂದಿಯಾದ ಹಕ್ಕಿಯನ್ನೊಮ್ಮೆ ನೋಡಿದರು. ಆಮೇಲೆ ವಲ್ಲಿಯಿಂದ ಮುಖ ಒರೆಸಿಕೊಂಡು, “ಹಾಗಾದ್ರೆ ಅನುಮಾನವೇ ಇಲ್ಲ, ಅಪ್ಪನೇ,” ಎಂದರು. “ಊಟಕ್ಕೆ ಮುಂಚೆ ಯಾರ ಮೇಲಾದ್ರೂ ಒಂದು ಸುತ್ತು ರೇಗದೆ ಅವರು ಎಲೆ ಮುಂದೆ ಕೂತವರೇ ಅಲ್ಲ.”

ಊಟವಾದ ಮೇಲೆ ನಾನು ಮೂಲೆಯಲ್ಲಿ ಕೂತು ಗರಿ ಎಣಿಸುತ್ತಿದ್ದೆ. ಬಾಲದ ಗರಿ ನಾಲ್ಕು, ಮೈಯದು ಅರವತ್ತೆರಡು, ಕಣ್ಣು ಒಂದು. ಎರಡನೆಯ ಕಣ್ಣನ್ನು ಒಂದು ಕಾಗೆ ತೆಗೆದುಕೊಂಡು ಹೋಗಿತ್ತು. ಅಕ್ಕ ಬಂದು ಎದುರಿಗೆ ಕೂತಳು. “ಇದೇನೇ ಹೊಲಿಗೆ, ಗೋಣಿಚೀಲ ಹೊಲಿದ ಹಾಗೆ? ಕೊಡು ಇಲ್ಲಿ,” ಎಂದಳು. ಹೆಣ ಅಂದಿದ್ದೆಯಲ್ಲ, ಈಗ ಮುಟ್ಟಬಹುದೇ ಎಂದೆ. “ಮುಟ್ಟಿದ್ರೆ ಸ್ನಾನ ಮಾಡಿದ್ರಾಯ್ತು, ನೀರಿಗೇನು ಬರ ಬಂದಿದೆಯಾ,” ಎಂದು ಸೂಜಿ ಕಿತ್ತುಕೊಂಡಳು. ರೆವಿಷನ್ ಮೂರು ನಿಂತದ್ದು ಹೀಗೆ. ಈಗ ಅದಕ್ಕೆ ಒಂದು ಕಣ್ಣು ಕೆಂಪು ಮಣಿ, ಇನ್ನೊಂದು ಅಕ್ಕನ ರವಿಕೆಯ ಗುಂಡಿ. ವಾಸ ನನ್ನ ಕೋಣೆಯಿಂದ ಬಡ್ತಿ ಪಡೆದು ಭಾವನ ಚಪ್ಪಲಿ ಸ್ಟ್ಯಾಂಡಿನ ಮೇಲೆ. ಬಂದವರಿಗೆ ಭಾವ ಈಗ ಎರಡನ್ನೂ ತೋರಿಸುತ್ತಾರೆ. ಶಾರ್ಜಾದಿಂದ ಬಂದ ಮೈಮೂನಕ್ಕ ಕಥೆಯೆಲ್ಲ ಕೇಳಿ, “ಒಂಬತ್ತು ಕಾಗೆ ಎಳೆದ್ರೂ ಚರ್ಮ ಹರಿಲಿಲ್ಲ ಅಲ್ವಾ? ಹೊಲಿಗೆ ಬಿಚ್ಚಿದ್ದು ಮಾತ್ರ. ಅದು ನನ್ನ ಉಪ್ಪು,” ಎಂದರು. ಅದು ಪೂರ್ತಿ ಸುಳ್ಳೂ ಅಲ್ಲ.

ಭಾವ ಸುಮ್ಮನಿರುವವರಲ್ಲ. ಮಹಾಲಯ ಅಮಾವಾಸ್ಯೆ ಹತ್ತಿರ ಬಂದ ಹಾಗೆ ನನಗೆ ಫೋನುಗಳು ಬರತೊಡಗಿದವು. ನಿಮ್ಮಲ್ಲಿ ಒಂದು ಹಕ್ಕಿ ಇದೆಯಂತೆ, ಅರ್ಧ ಗಂಟೆಗೆ ಸಿಗಬಹುದೇ ಎಂದು ಏಳು ಮನೆಯವರು ಕೇಳಿದರು. ಅಮಾವಾಸ್ಯೆ ಒಂದು, ಹಕ್ಕಿ ಒಂದು. ಮೊದಲು ಕೇಳಿದವರಿಗೆ ಮೊದಲು ಎಂಬ ನಿಯಮದಂತೆ ಊದ್ ಮೇಥಾ ಬಡಾವಣೆಯ ಒಬ್ಬ ಟೀಚರಮ್ಮನ ಮನೆಗೆ, ಒಂಬತ್ತನೆಯ ಮಹಡಿಗೆ, ರಟ್ಟಿನ ಪೆಟ್ಟಿಗೆಯಲ್ಲಿ ಹಕ್ಕಿಯನ್ನು ಕೂರಿಸಿಕೊಂಡು ನಾನೇ ಹೋದೆ. ಕಲಾವಿದೆ ತನ್ನ ಕೃತಿಯ ಜೊತೆಗೆ ಇರಬೇಕು ಎಂದು ನನ್ನ ಭಾವನೆ. ಬಾಲ್ಕನಿಯಲ್ಲಿ ಎಡೆ ಇಟ್ಟರು, ಪಕ್ಕದಲ್ಲಿ ಹಕ್ಕಿ ಇಟ್ಟೆ, ಮನೆಮಂದಿಯೆಲ್ಲ ನನ್ನ ಹಿಂದೆ ಭಕ್ತಿಯಿಂದ ನಿಂತರು. ಐವತ್ತು ನಿಮಿಷ ಕಳೆಯಿತು. ದೂರದ ಕಟ್ಟಡದ ಮೇಲೆ ಎರಡು ಕಾಗೆ ಇದ್ದವು. ಇತ್ತ ಒಮ್ಮೆಯೂ ತಿರುಗಲಿಲ್ಲ. ಕೋಗಿಲೆಯ ಗುಂಡಿ ಕಣ್ಣು ಆ ಕಡೆಗಿತ್ತು, ಮಣಿಯ ಕಣ್ಣು ಕಾಣುವಂತೆ ತಿರುಗಿಸಿಟ್ಟೆ, ಅದರಿಂದಲೂ ಏನೂ ಆಗಲಿಲ್ಲ. ಯಜಮಾನರು ಕೂಗಬೇಕಿತ್ತು, ಆದರೆ ಅವರಿಗೆ ನೆಗಡಿ, ಗಂಟಲು ಪೂರ್ತಿ ಕಟ್ಟಿತ್ತು. “ನೀವೇ ಒಂದು ಸಲ ಕೂಗಿಬಿಡಿ ಮೇಡಂ, ಏನೂ ತಿಳ್ಕೊಬೇಡಿ,” ಎಂದರು ಟೀಚರಮ್ಮ.

ಕೂಗಿದೆ. ಮೂರು ಸಲ ಕೂಗುವಷ್ಟರಲ್ಲಿ ಎರಡೂ ಕಾಗೆಗಳು ನೇರ ನಮ್ಮ ಬಾಲ್ಕನಿಗೆ ಬಂದವು. ಕೋಗಿಲೆಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಕಟ್ಟೆಯ ಮೇಲೆ ಕೂತು ನನ್ನನ್ನೇ ನೆಟ್ಟಗೆ ನೋಡಿ, ಪರಿಚಯದವರ ಮನೆಗೆ ಬಂದಂತೆ ಸಾವಕಾಶವಾಗಿ ಪಾಯಸದಿಂದ ಶುರುಮಾಡಿದವು. ಮನೆಯವರಿಗೆ ಆದ ಸಂತೋಷಕ್ಕೆ ಮಿತಿಯಿರಲಿಲ್ಲ. ಹೊರಡುವಾಗ ಟೀಚರಮ್ಮ ವಡೆಯ ಡಬ್ಬಿ ಕೈಗಿಟ್ಟು, “ಪಾಪ, ಆ ಹಕ್ಕಿ ಹೊತ್ತು ತರೋ ಕಷ್ಟ ಯಾಕೆ? ಮುಂದಿನ ವರ್ಷ ನೀವೊಬ್ಬರೇ ಬಂದ್ರೆ ಸಾಕು,” ಎಂದರು.

ಚಿಕ್ಕಂದಿನಲ್ಲಿ ಅಮ್ಮ ನನ್ನನ್ನು ಮೈಸೂರಿನಲ್ಲಿ ಒಬ್ಬರು ಸಂಗೀತದ ಮೇಷ್ಟರ ಹತ್ತಿರ ಸೇರಿಸಿದ್ದಳು. ಎರಡನೆಯ ವಾರ ಅವರು ಅಮ್ಮನನ್ನು ಪಕ್ಕಕ್ಕೆ ಕರೆದು, ಈ ಮಗುವಿನದು ಕಾಗೆಯ ಕಂಠ, ಬೇರೆ ಏನಾದರೂ ಕಲಿಸಿ ಎಂದು ವಾಪಸು ಕಳಿಸಿದರು. ಆಗ ನಾನು ಎರಡು ದಿನ ಅತ್ತಿದ್ದೆ. ಅವರ ಕಿವಿ ಎಷ್ಟು ಖಚಿತವಾಗಿತ್ತೆಂದು ತಿಳಿಯಲು ಇಷ್ಟು ವರ್ಷ ಬೇಕಾಯಿತು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಅವರನ್ನು ಹುಡುಕಿಕೊಂಡು ಹೋಗಿ, ತಮ್ಮ ಅಭಿಪ್ರಾಯವನ್ನು ದುಬೈನ ಕಾಗೆಗಳೂ ಅನುಮೋದಿಸಿವೆ ಎಂದು ಹೇಳಿ, ಒಂದು ಡಬ್ಬಿ ಖರ್ಜೂರ ಕೊಟ್ಟು, ಕಾಲಿಗೆ ಬಿದ್ದು ಬರಬೇಕೆಂದಿದ್ದೇನೆ.